ವಿಮಾನ ನೋಡೋಣ, ಪುಟ್ಟ ಕಿವಿಗಳನ್ನೂ ಕಾಯೋಣ

ಮಕ್ಕಳೇ, ಆಕಾಶದಲ್ಲಿ ವಿಮಾನದ ಸದ್ದು ಕೇಳಿಸಿದರೆ ನೀವು ಏನು ಮಾಡುತ್ತೀರಿ? ಪಾಠ ನಡೆಯುತ್ತಿದ್ದರೂ ನಿಮ್ಮ ಕಣ್ಣು ಕಿಟಕಿಯ ಕಡೆ ಹೊರಳುತ್ತದೆ. ಆಟದ ಮೈದಾನದಲ್ಲಿದ್ದರಂತೂ ತಲೆಯೆತ್ತಿ, ಅದು ಚುಕ್ಕಿಯಾಗಿ ಮರೆಯಾಗುವವರೆಗೂ ನೋಡುತ್ತೀರಿ. ಒಂದು ವಿಮಾನಕ್ಕೇ ಇಷ್ಟು ಸಂಭ್ರಮವಾದರೆ, ಒಂಬತ್ತು ವಿಮಾನಗಳು ಕೆಲವೇ ಮೀಟರುಗಳ ಅಂತರದಲ್ಲಿ ಒಟ್ಟಿಗೆ ಹಾರಿ ಆಕಾಶದಲ್ಲಿ ಹೊಗೆಯ ಗೆರೆ ಎಳೆದರೆ ಹೇಗಿರಬಹುದು? ಇಂತಹ ಸಾಹಸಗಳನ್ನು ಜನರ ಮುಂದೆ ತೋರಿಸುವುದೇ ವೈಮಾನಿಕ ಪ್ರದರ್ಶನ. ಎಲ್ಲರ ಬಾಯಲ್ಲಿ ಇದು ಏರ್ ಶೋ.

ಈ ವಿಷಯದಲ್ಲಿ ಕರ್ನಾಟಕದ ಮಕ್ಕಳು ಅದೃಷ್ಟವಂತರು. ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ 1996ರಿಂದ, ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ, ‘ಏರೋ ಇಂಡಿಯಾ’ ನಡೆಯುತ್ತಿದೆ. 2025ರ ಫೆಬ್ರವರಿ 10ರಿಂದ 14ರವರೆಗೆ ನಡೆದ ಪ್ರದರ್ಶನದಲ್ಲಿ ಕೊನೆಯ ಎರಡು ದಿನ ಸಾರ್ವಜನಿಕರಿಗೆ ಮೀಸಲಾಗಿದ್ದವು. 2023ರ ಮೈಸೂರು ದಸರಾದಲ್ಲೂ ವಾಯುಪಡೆಯ ‘ಸೂರ್ಯಕಿರಣ’ ತಂಡ ಬನ್ನಿಮಂಟಪದ ಮೈದಾನದ ಮೇಲೆ ಹಾರಾಡಿತ್ತು.

ಅಪ್ಪ, ಅಮ್ಮ, ಅಜ್ಜಿ, ಬುತ್ತಿಯ ಡಬ್ಬಿ, ಕಂಕುಳಲ್ಲಿ ಪುಟ್ಟ ತಂಗಿ ಅಥವಾ ತಮ್ಮ! ಹೀಗೆ ಮನೆಯವರೆಲ್ಲ ಹೊರಟುಬರುವುದನ್ನು ಅಲ್ಲಿ ನೋಡಬಹುದು. ಚಿಕ್ಕ ಮಕ್ಕಳನ್ನು ಇಂತಹ ಕಡೆ ಕರೆದೊಯ್ಯಬೇಕೇ, ಬೇಡವೇ ಎಂದು ಕೆಲವರು ಕೇಳುತ್ತಾರೆ. ಕರೆದೊಯ್ಯಬೇಕು ಎಂಬುದೇ ನನ್ನ ಅಭಿಪ್ರಾಯ. ವಿಜ್ಞಾನದ ಕುತೂಹಲ ಮೂಡಲು ಇದಕ್ಕಿಂತ ಒಳ್ಳೆಯ ಬಯಲು ಪಾಠ ಬೇರೆ ಸಿಗುವುದು ಕಷ್ಟ. ಆದರೆ ಒಂದು ಷರತ್ತಿದೆ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಇರಬೇಕು, ಏನೇನು ಒಯ್ಯಬೇಕು ಎಂಬುದನ್ನು ಮನೆಯ ಅತಿ ಚಿಕ್ಕವರನ್ನು ನೋಡಿ ತೀರ್ಮಾನಿಸಬೇಕು. ಮುಖ್ಯವಾಗಿ ಅವರ ಕಿವಿಗಳನ್ನು ನೋಡಿ.

ಸದ್ದು ಎಲ್ಲಿಂದ ಬರುತ್ತದೆ?

ಬಲೂನನ್ನು ಊದಿ, ಕಟ್ಟದೆ ಕೈಬಿಟ್ಟರೆ ‘ಪುರ್ರ್’ ಎಂದು ಹಾರುತ್ತದೆ. ಗಾಳಿ ಹಿಂದಕ್ಕೆ ನುಗ್ಗುತ್ತದೆ, ಬಲೂನು ಮುಂದಕ್ಕೆ ಚಿಮ್ಮುತ್ತದೆ. ಜೆಟ್ ವಿಮಾನದ ಕೆಲಸವೂ ಹೀಗೆಯೇ. ಇಂಜಿನ್ನಿನಲ್ಲಿ ಇಂಧನ ಉರಿದು ಬಿಸಿ ಅನಿಲ ಹಿಂದಕ್ಕೆ ಭಾರಿ ವೇಗದಲ್ಲಿ ನುಗ್ಗುತ್ತದೆ. ಅದು ಹೊರಗಿನ ಶಾಂತ ಗಾಳಿಯೊಂದಿಗೆ ಬೆರೆಯುವಾಗ ದೊಡ್ಡ ಕಲಕಾಟವಾಗುತ್ತದೆ. ಯುದ್ಧವಿಮಾನದ ಗುಡುಗಿನ ಬಹುಪಾಲು ಹುಟ್ಟುವುದು ಇಲ್ಲಿಯೇ. ಅನಿಲದ ವೇಗ 2 ಪಟ್ಟಾದರೆ ಸದ್ದಿನ ಶಕ್ತಿ 2ರ 8ನೇ ಘಾತದಷ್ಟು, ಎಂದರೆ ಸುಮಾರು 256 ಪಟ್ಟು ಆಗುತ್ತದೆ. ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ ಇದರ ಲೆಕ್ಕವನ್ನು 1952ರಲ್ಲಿ ತೋರಿಸಿಕೊಟ್ಟರು.

ಎಲ್ಲ ವಿಮಾನಗಳ ಸದ್ದೂ ಒಂದೇ ಅಲ್ಲ. ತೇಜಸ್, ಸುಖೋಯ್-30 ಮುಂತಾದ ಯುದ್ಧವಿಮಾನಗಳಲ್ಲಿ ಆಫ್ಟರ್‌ಬರ್ನರ್ ಎಂಬ ಭಾಗವಿದೆ. ಹೊರಹೋಗುವ ಅನಿಲಕ್ಕೆ ಇನ್ನಷ್ಟು ಇಂಧನ ಚಿಮುಕಿಸಿ ಅದು ಮತ್ತೊಮ್ಮೆ ಉರಿಸುತ್ತದೆ. ಬಾಲದಲ್ಲಿ ಕೆಂಪು ಜ್ವಾಲೆ ಕಂಡರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಆಗ ಎದೆ ಅದುರುವಷ್ಟು ಸದ್ದಾಗುತ್ತದೆ. ಸೂರ್ಯಕಿರಣ ತಂಡದ ಹಾಕ್ ವಿಮಾನಗಳಲ್ಲಿ ಆಫ್ಟರ್‌ಬರ್ನರ್ ಇಲ್ಲ, ಹಾಗಾಗಿ ಅವುಗಳ ಸದ್ದು ಇದಕ್ಕಿಂತ ಕಡಿಮೆ.

ಸದ್ದಿನ ಮಟ್ಟವನ್ನು ಅಳೆಯುವ ಮಾನ ಡೆಸಿಬೆಲ್. ಇಲ್ಲಿ 10 ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ 10 ಪಟ್ಟು ಹೆಚ್ಚುತ್ತದೆ. ನಮ್ಮ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ಯುದ್ಧವಿಮಾನ ಕೆಳಮಟ್ಟದಲ್ಲಿ ಹಾದುಹೋದರೆ 110 ಡೆಸಿಬೆಲ್ ದಾಟಬಹುದು. ವ್ಯತ್ಯಾಸ 50. ಎಂದರೆ ಐದು ಬಾರಿ ಹತ್ತರಿಂದ ಗುಣಿಸಬೇಕು. ಗುಣಿಸಿ ನೋಡಿ, 1 ಲಕ್ಷ ಪಟ್ಟು!

ಕಿವಿಯೊಳಗೆ ಏನಾಗುತ್ತದೆ?

ಸದ್ದಿನ ಅಲೆ ಕಿವಿಯ ತಮಟೆಯನ್ನು ಅದುರಿಸುತ್ತದೆ. ಆ ಅದುರುವಿಕೆ ಮೂರು ಪುಟ್ಟ ಮೂಳೆಗಳ ಮೂಲಕ ಒಳಗಿವಿಗೆ ಸಾಗುತ್ತದೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತಹ ಸುರುಳಿಯೊಂದಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಗಾಳಿಗೆ ರಾಗಿಯ ಪೈರು ಬಾಗುವಂತೆ, ಇವುಗಳ ಸೂಕ್ಷ್ಮ ರೋಮಗಳು ಸದ್ದಿಗೆ ಬಾಗಿ ಮಿದುಳಿಗೆ ಸಂದೇಶ ಕಳಿಸುತ್ತವೆ. ಬಿರುಗಾಳಿಗೆ ಪೈರು ನೆಲಕಚ್ಚುತ್ತದಲ್ಲವೇ? ಅತಿ ಜೋರಾದ ಸದ್ದಿಗೆ ರೋಮಕೋಶಗಳ ಗತಿಯೂ ಅದೇ. ರಾಗಿಯನ್ನಾದರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆಶ್ಚರ್ಯವೆಂದರೆ, ಕೋಳಿಗಳಲ್ಲಿ ಹುಟ್ಟುತ್ತದೆ! ಈ ಒಂದು ವಿಷಯದಲ್ಲಿ ನಿಮ್ಮ ಮನೆಯ ಕೋಳಿ ನಿಮಗಿಂತ ಭಾಗ್ಯಶಾಲಿ.

ಕಾರ್ಖಾನೆಯ ಕೆಲಸಗಾರರಿಗಾಗಿ ತಜ್ಞರು ಒಂದು ಲೆಕ್ಕ ಹಾಕಿದ್ದಾರೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಹೆಚ್ಚೆಂದರೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹಾಗಾದರೆ 100 ಡೆಸಿಬೆಲ್‌ನಲ್ಲಿ ಎಷ್ಟು ಹೊತ್ತು? ನೀವೇ ಲೆಕ್ಕ ಮಾಡಿ. ಉತ್ತರ 15 ನಿಮಿಷ. ಇದು ದೊಡ್ಡವರಿಗೆ ಹಾಕಿದ ಲೆಕ್ಕ. ಎಳೆಯ ಕಿವಿಗೆ ಇನ್ನೂ ಕಟ್ಟುನಿಟ್ಟು ಬೇಕು. ಸಿಡಿತದಂತಹ ಹಠಾತ್ ಸದ್ದಿನ ಗರಿಷ್ಠ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ದೊಡ್ಡವರಿಗೆ 140 ಡೆಸಿಬೆಲ್ ಎಂದು ಹೇಳಿದರೆ, ಮಕ್ಕಳಿಗೆ 120 ಎಂದೇ ಹೇಳಿತು.

ಪ್ರದರ್ಶನಕ್ಕೆ ಹೋದಾಗ ಒಮ್ಮೆ ಜನರತ್ತಲೂ ಕಣ್ಣು ಹಾಯಿಸಿ. ಅಪ್ಪನ ಹೆಗಲ ಮೇಲೆ ಕುಳಿತ ಮಗು ಬೀಳದಿರಲೆಂದು ಎರಡೂ ಕೈಗಳಿಂದ ಅಪ್ಪನ ತಲೆಗೂದಲು ಹಿಡಿದಿರುತ್ತದೆ. ಅಪ್ಪನ ಕೈಗಳು ಮಗುವಿನ ಕಾಲು ಹಿಡಿದಿರುತ್ತವೆ. ವಿಮಾನ ಗುಡುಗುತ್ತಾ ಬಂದಾಗ ಆ ಪುಟ್ಟ ಕಿವಿಗಳನ್ನು ಮುಚ್ಚುವವರು ಯಾರು? ಇನ್ನೊಂದು ಕಡೆ, ವಿಮಾನದ ಬಳಿ ಕೆಲಸ ಮಾಡುವ ಸಿಬ್ಬಂದಿಯನ್ನು ನೋಡಿ. ಎರಡೂ ಕಿವಿಗಳನ್ನು ಬಟ್ಟಲಿನಂತೆ ಮುಚ್ಚುವ ಇಯರ್ ಮಫ್ ಧರಿಸಿರುತ್ತಾರೆ. ದಿನವೂ ವಿಮಾನದ ಜೊತೆ ಬದುಕುವವರೇ ಕಿವಿ ಮುಚ್ಚಿಕೊಂಡಿರುವಾಗ, ನಾವು ಕೂಸುಗಳ ಕಿವಿಯನ್ನು ಬರಿದೇ ಬಿಡುವುದು ಸರಿಯೇ?

“ಒಂದು ದಿನಕ್ಕೆ ಏನಾಗುತ್ತೆ ಬಿಡಿ, ಸದ್ದು ಅಭ್ಯಾಸವಾಗಲಿ” ಎನ್ನುವ ಹಿರಿಯರಿದ್ದಾರೆ. ಅವರ ಮೇಲೆ ಗೌರವವಿಟ್ಟುಕೊಂಡೇ ಈ ಮಾತನ್ನು ನಾನು ಒಪ್ಪುವುದಿಲ್ಲ. ಕಿವಿಗೆ ಜೋರು ಸದ್ದು ಅಭ್ಯಾಸವಾಗುವುದಿಲ್ಲ. ಕೇಳುವ ಶಕ್ತಿ ಕುಂದಿದಾಗ ಅಭ್ಯಾಸವಾದಂತೆ ತೋರುತ್ತದೆ, ಅಷ್ಟೆ. ಮನೆಗೆ ಬಂದ ಮೇಲೆ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಅದು ಕಿವಿ ದಣಿದಿರುವ ಸೂಚನೆ. ದೊಡ್ಡವರಾದರೆ ಹೇಳಿಕೊಳ್ಳುತ್ತಾರೆ. ಮಾತು ಬಾರದ ಮಗು ಅಳುತ್ತದೆ, ನಾವು ಅದನ್ನು ಹಟ ಎಂದುಕೊಳ್ಳುತ್ತೇವೆ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ದೂರ ನಿಲ್ಲುವುದು. ಬಯಲಿನಲ್ಲಿ ದೂರ 2 ಪಟ್ಟಾದರೆ ನಮ್ಮ ಕಿವಿಗೆ ತಲುಪುವ ಸದ್ದಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಆಕಾಶದಲ್ಲಿ ಮೂಡುವ ವಿನ್ಯಾಸಗಳು ದೂರದಿಂದಲೂ ಅಷ್ಟೇ ಚೆನ್ನಾಗಿ ಕಾಣುತ್ತವೆ. ರನ್‌ವೇ ಬಳಿಯ ಬೇಲಿಗೇ ಆತುಕೊಂಡು ನಿಲ್ಲಬೇಕೆಂದೇನೂ ಇಲ್ಲ.

ಎರಡನೆಯದು, ಸರಿಯಾಗಿ ಮುಚ್ಚುವುದು. ಹತ್ತಿ ತುರುಕಿದರೆ, ಮಫ್ಲರ್ ಸುತ್ತಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಅವು ತಡೆಯುವ ಸದ್ದು ತೀರ ಕಡಿಮೆ. ಕಿವಿಗೆಂದೇ ಮಾಡಿದ ಫೋಮ್ ಬಿರಡೆಗಳು ನಿಮ್ಮಂಥವರಿಗೆ ಆಗುತ್ತವೆ. ಕೂಸುಗಳಿಗೆ ಅವು ಬೇಡ, ಬಾಯಿಗೆ ಹಾಕಿಕೊಂಡರೆ ಅಪಾಯ. ಅವರಿಗೆ ಮಕ್ಕಳ ಅಳತೆಯ ಇಯರ್ ಮಫ್ ಒಳ್ಳೆಯದು. ಏನೂ ಇಲ್ಲದಿದ್ದರೆ ಅಂಗೈಗಳಿಂದ ಕಿವಿಗಳನ್ನು ಒತ್ತಿ ಮುಚ್ಚಿ.

ಯಾವಾಗ ಮುಚ್ಚಬೇಕು? ಇಲ್ಲಿ ವಿಜ್ಞಾನವೇ ನಿಮಗೆ ಸಹಾಯ ಮಾಡುತ್ತದೆ. ಬೆಳಕು ಕಣ್ಣಿಗೆ ತಕ್ಷಣ ತಲುಪುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ವಿಮಾನ 1 ಕಿ.ಮೀ. ದೂರದಲ್ಲಿದ್ದರೆ ಸದ್ದು ಬರಲು ಸುಮಾರು 3 ಸೆಕೆಂಡು ಬೇಕು. ಗಂಟೆಗೆ 540 ಕಿ.ಮೀ. ವೇಗದ ವಿಮಾನ ಅಷ್ಟರಲ್ಲಿ 450 ಮೀಟರು ಮುಂದೆ ಹೋಗಿರುತ್ತದೆ. ಸದ್ದು ವಿಮಾನದ ಹಿಂದಿನಿಂದ ಬಂದಂತೆ ಕೇಳುವುದು ಇದರಿಂದಲೇ. ಸಮೀಪದ ವಿಮಾನವಾದರೆ ಒಂದು ಸೆಕೆಂಡೂ ಸಿಗುವುದಿಲ್ಲ. ಆದ್ದರಿಂದ ಸದ್ದಿಗೆ ಕಾಯಬೇಡಿ, ವಿಮಾನ ಇತ್ತ ತಿರುಗಿದ್ದು ಕಂಡೊಡನೆ ಪುಟ್ಟ ಕಿವಿಗಳನ್ನು ಮುಚ್ಚಿ.

ಮೂರನೆಯದು, ನೀರು ಮತ್ತು ನೆರಳು. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದ ಏರ್ ಶೋಗೆ ಲಕ್ಷಾಂತರ ಜನ ಸೇರಿದ್ದರು. ಬಿಸಿಲು ಮತ್ತು ನೂಕುನುಗ್ಗಲಿನ ನಡುವೆ ಅಂದು ಐವರು ಪ್ರಾಣ ಕಳೆದುಕೊಂಡರು. ಚಿಕ್ಕ ಮೈ ಬಿಸಿಲಿಗೆ ಬೇಗ ಕಾಯುತ್ತದೆ. ಬಾಯಾರಿಕೆ ಎಂದು ಮಗು ಕೇಳುವ ಮೊದಲೇ ನೀರು ಕೊಡಿ. ಅದು ಸಾಕು ಎನ್ನುವ ಮೊದಲೇ ನೆರಳಿಗೆ ಹೊರಡಿ.

ಪ್ರದರ್ಶನ ಏರ್ಪಡಿಸುವವರಿಗೂ ಒಂದು ಮಾತು. ಚಿಕ್ಕ ಮಕ್ಕಳಿರುವ ಕುಟುಂಬಗಳಿಗಾಗಿ ರನ್‌ವೇಯಿಂದ ದೂರದಲ್ಲಿ ನೆರಳು, ನೀರು ಇರುವ ಒಂದು ಜಾಗ ಬಿಡಬೇಕು. ಬಾಗಿಲಲ್ಲೇ ಕಿವಿಯ ಬಿರಡೆ ಹಂಚಬೇಕು. ಹೆಚ್ಚು ಸದ್ದಿನ ವಿಮಾನ ಬರುವ ಮೊದಲು ಧ್ವನಿವರ್ಧಕದಲ್ಲಿ “ಮಕ್ಕಳ ಕಿವಿ ಮುಚ್ಚಿ” ಎಂದು ಕನ್ನಡದಲ್ಲೂ ಹೇಳಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ನಿಮ್ಮಲ್ಲಿ ಹಲವರು ಯಲಹಂಕಕ್ಕೆ ಹೋಗಲಾರಿರಿ ಎಂಬುದು ನನಗೆ ಗೊತ್ತು. ಆದರೆ ಊರ ಜಾತ್ರೆಯ ಧ್ವನಿವರ್ಧಕ, ಗಣಪತಿ ಮೆರವಣಿಗೆಯ ಡಿಜೆ, ದೀಪಾವಳಿಯ ಪಟಾಕಿ ನಿಮ್ಮ ಬಾಗಿಲಿಗೇ ಬರುತ್ತವೆ. ಕಿವಿಯೊಳಗಿನ ರೋಮಕೋಶಕ್ಕೆ ವಿಮಾನ, ಡಿಜೆ ಎಂಬ ಭೇದವಿಲ್ಲ. ಅಲ್ಲಿಯೂ ಲೆಕ್ಕ ಇದೇ. ಮನೆಯಲ್ಲಿ ದೊಡ್ಡವರ ಗಮನ ಬೇರೆಡೆ ಇರುವಾಗ, ಆರನೆಯ ಏಳನೆಯ ತರಗತಿಯಲ್ಲಿ ಓದುವ ನೀವೇ ಆ ಪುಟ್ಟವರ ಕಾವಲುಗಾರರು. ತಲೆಯೆತ್ತಿ ವಿಮಾನವನ್ನು ಮನದಣಿಯೆ ನೋಡಿ. ಎರಡು ಕೈಗಳನ್ನು ಮಾತ್ರ ತಂಗಿಯ ಕಿವಿಗಳಿಗೆ ಕೊಡಿ. ನಾಳೆ ವಿಮಾನ ನಡೆಸಬಲ್ಲವಳು, ವಿಮಾನ ಕಟ್ಟಬಲ್ಲವಳು ಅವಳೇ ಆಗಬಹುದು.