ಮೂತಿಗೆ ಹಾಕಿದ್ದು ಸಾಕು, ಗಾಡಿ ಬೆನ್ನಿಗೂ ಒಂದು ಲೈಟು ಹಾಕ್ಸಿ

ಈ ಸಲ ಹೊಗೆಸೊಪ್ಪಿನ ದುಡ್ಡು ಕೈಗೆ ಬಂದ್ಮೇಲೆ ಜೀಪಿಗೆ ಏನಾರ ಹಾಕಿಸ್ಬೇಕು ಅಂತ ನಿಮ್ಮನೆ ಗಂಡಸ್ರು ಅಂದ್ರೆ, ಅಕ್ಕಂದಿರಾ, ಒಂದೇ ಒಂದು ಮಾತು ಹೇಳಿ: ಮೊದ್ಲು ಹಿಂದಿನ ಲೈಟು, ಆಮೇಲೆ ಮಿಕ್ಕಿದ್ದು.

ಹುಣಸೂರಿನಿಂದ ಕೋಟೆ ತನಕ ಯಾವ ಬೊಲೆರೊ, ಯಾವ ಥಾರ್ ನೋಡಿದ್ರೂ ಮೂತಿಗೆ ಸಾಲಾಗಿ ಲೈಟು, ತಲೆ ಮೇಲೊಂದು ಲೈಟ್ ಬಾರು. ಎದುರಿಗೆ ಬರೋರಿಗೆ ಕಣ್ಣು ಕತ್ಲೆ ಬರ್ಬೇಕು, ಹಂಗೆ. ಅದೇ ಗಾಡಿ ರಿವರ್ಸ್ ತಗಿಯುವಾಗ ಹಿಂದೆ ನೋಡಿ, ದೇವ್ರ ಮನೆ ದೀಪದಷ್ಟು ಬೆಳಕು. ಬಹಳ ಗಾಡಿಗೆ ಕಂಪನಿಯಿಂದ ಬರೋದು 21 ವ್ಯಾಟಿನ ಬಲ್ಬು. ಮುಂದಿನ ಹ್ಯಾಲೋಜನ್ ಹೆಡ್‌ಲೈಟು ಒಂದೊಂದೂ 55-60 ವ್ಯಾಟು. ಆ ಹಿಂದಿನ ಬಲ್ಬಿನ ಮುಖ್ಯ ಕೆಲ್ಸ ಗಾಡಿ ಹಿಂದಕ್ಕೆ ಬತ್ತಾ ಇದೆ ಅಂತ ಬೇರೆಯವ್ರಿಗೆ ತಿಳಿಸೋದು. ಬೀದಿದೀಪ ಇರೋ ಪೇಟೆಗೆ ಅದು ಸಾಕು. ನಮ್ಮ ಹಟ್ಟಿಗೆ ಸಾಲದು.

ನಮ್ಮ ಹಟ್ಟಿ ಹೆಂಗಿರ್ತದೆ ಅಂತ ಗಾಡಿ ಮಾಡಿದೋರಿಗೆ ಏನು ಗೊತ್ತು? ಬ್ಯಾರನ್ನಿಗೆ ಸೊಪ್ಪು ಏರಿಸಿದ್ರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯ್ಬೇಕು. ಮಳೆಗಾಲ, ಕರೆಂಟು ಇದ್ರೆ ಇತ್ತು ಇಲ್ದಿದ್ರೆ ಇಲ್ಲ. ಬೆಂಕಿ ಮುಂದೆ ಅವ್ವ ಕುಂತಿದ್ರೆ ಪಕ್ಕದಲ್ಲಿ ಗೋಣಿಚೀಲದ ಮೇಲೆ ಐಕ್ಳು ಮಲಗಿರ್ತವೆ. ಅದೇ ಜಾಗಕ್ಕೆ ಸೌದೆ ಹೇರ್ಕಂಡು ಗಾಡಿ ರಿವರ್ಸಲ್ಲಿ ಬತ್ತದೆ. ಆಮೇಲೆ ಬೇಲ್ ಕಟ್ಟಿ ಕಟ್ಟೆಮಳಲವಾಡಿಗೋ ಚಿಲ್ಕುಂದಕ್ಕೋ ಹರಾಜಿಗೆ ಹೊರಡೋದೂ ಕೋಳಿ ಕೂಗೋ ಹೊತ್ತಲ್ಲಿ. ಕೆ.ಆರ್. ನಗರದ ಕಡೆಯೋರು ಚುಂಚನಕಟ್ಟೆ ದನಗಳ ಜಾತ್ರೆ ನೆನಸ್ಕಳ್ಳಿ. ಎತ್ತು, ಗಾಡಿ, ಜನ ಎಲ್ಲ ಒಂದೇ ಬಯಲಲ್ಲಿ. ಅಲ್ಲಿ ಕತ್ಲಲ್ಲಿ ಹಿಂದಕ್ಕೆ ತಗಿಯೋನಿಗೆ ಎದೆ ಹೊಡ್ಕಳ್ಬೇಕು.

ಇನ್ನೊಂದು ವಿಷ್ಯ. ಬೊಲೆರೊ, ಥಾರಿಗೆಲ್ಲ ಸ್ಟೆಪ್ನಿ ಹಿಂದಿನ ಬಾಗಿಲ ಮೇಲೇ ಇರ್ತದೆ. ಮೂರು ವರ್ಷದ ಕೂಸು ಎದ್ದು ನಿಂತ್ರೂ ಹೆಚ್ಚು ಕಮ್ಮಿ ಮೂರಡಿ. ಹಗಲೊತ್ತಲ್ಲೇ ಆ ಕೂಸು ಡ್ರೈವರ್ ಕಣ್ಣಿಗೆ ಬೀಳೋದು ಕಷ್ಟ. ರಾತ್ರಿ ಕೇಳ್ಬೇಕಾ?

ಇದು ಬರೀ ಹಳ್ಳಿಯೋರ ಕಷ್ಟ ಅಂದ್ಕೋಬೇಡಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2002ರಲ್ಲಿ ಎರಡು ವರ್ಷದ ಕ್ಯಾಮೆರಾನ್ ಗುಲ್‌ಬ್ರಾನ್ಸೆನ್ ಅನ್ನೋ ಮಗು ಹೋಗಿದ್ದು ತನ್ನ ಮನೆ ಮುಂದೆ, ಅಪ್ಪ ಹಿಂದಕ್ಕೆ ತಗೀತಿದ್ದ ಗಾಡಿಗೇ ಸಿಕ್ಕಿ. ಆ ಅಪ್ಪ ಮಕ್ಕಳ ಡಾಕ್ಟ್ರು. ಅಜಾಗರೂಕ ಮನುಷ್ಯ ಅನ್ನಕ್ಕಾಯ್ತದಾ? ಆ ಮಗು ಹೆಸರಲ್ಲೇ 2008ರಲ್ಲಿ ಕಾನೂನು ಬಂತು. 2018ರ ಮೇ ತಿಂಗಳಿಂದ ಅಲ್ಲಿ ಹೊಸ ಕಾರಿಗೆಲ್ಲ ಹಿಂದಿನ ಕ್ಯಾಮೆರಾ ಕಡ್ಡಾಯ. ನಮ್ಮ ದೇಶದಲ್ಲೂ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಆಗಿದೆ. ಆದ್ರೆ ನಮ್ಮ ಹಟ್ಟೀಲಿ ಓಡಾಡೋ ಹಳೇ ಜೀಪು, ಟ್ರ್ಯಾಕ್ಟ್ರಿಗೆ ಅದೆಲ್ಲಿ?

"ಕ್ಯಾಮೆರಾ ಹಾಕ್ಸಿದ್ರೆ ಆಯ್ತಲ್ಲ" ಅಂತಾರೆ. ಹಾಕಿಸ್ಲಿ, ಒಳ್ಳೇದೇ. ಆದ್ರೆ ಕ್ಯಾಮೆರಾಗೂ ಬೆಳಕು ಬೇಕಲ್ವಾ, ಕೆಸರು ಮೆತ್ಕಂಡ್ರೆ ಅದೂ ಕುರುಡೇ. "ರಿವರ್ಸ್ ಹಾರನ್ ಕೂಗ್ತದೆ" ಅಂತಾರೆ. ಕಿವಿ ಕೇಳದ ಅಜ್ಜಿಗೆ, ಹಗ್ಗ ಬಿಚ್ಕಂಡು ಬಂದ ಕರೀಗೆ, ನಿದ್ದೆ ಹೋದ ಕೂಸಿಗೆ ಹಾರನ್ ಏನು ಮಾಡ್ತದೆ? "ಇಪ್ಪತ್ತು ವರ್ಷದಿಂದ ಓಡಿಸ್ತಾವ್ನಿ" ಅನ್ನೋದು ಮೂರನೇ ಮಾತು. ಓಡಿಸೋದು ಗೊತ್ತಿದ್ರೆ ಕತ್ಲಲ್ಲಿ ಕಣ್ಣು ಕಾಣ್ತದಾ?

ಕಾಡಂಚಿನೋರಿಗೆ ಇನ್ನೂ ಒಂದು ಕಾರಣ ಇದೆ. ವೀರನಹೊಸಹಳ್ಳಿ ಕಡೆಯಾಗ್ಲಿ, ಅಂತರಸಂತೆ ಕಡೆಯಾಗ್ಲಿ, ಸಂಜೆ ಮೇಲೆ ರಸ್ತೇಲಿ ಆನೆ ನಿಂತಿದ್ರೆ ಮುಂದಿನ ಲೈಟ್ ಬಾರಿಂದ ಏನೂ ಉಪಯೋಗ ಇಲ್ಲ. ಉಳಿಯೋದು ಒಂದೇ ದಾರಿ, ಹಿಂದಕ್ಕೆ. ಒಂದು ಕಡೆ ಕಂದಕ, ಒಂದು ಕಡೆ ಬೇಲಿ ಇರೋ ದಾರೀಲಿ ಹಿಂದೇನಿದೆ ಅಂತ ಕಾಣ್ದೆ ಹೆಂಗೆ ತಗೀತೀರಿ?

ಈಗ ಹಾಕ್ಸೋ ವಿಷ್ಯ. ಎಲೆಕ್ಟ್ರಿಷಿಯನ್ ಹತ್ರ ನೀವೇ ಕೇಳಿ, ನಾಚಿಕೆ ಯಾಕೆ. ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಲ್ಬು ಬದಲಾಯಿಸೋದು ಸುಲಭ, ಆದ್ರೆ ಎಲ್ಲಾ ಎಲ್‌ಇಡಿನೂ ಆ ಹಳೇ ಗಾಜಿನ ಗೂಡಲ್ಲಿ ಬೆಳಕು ಸರಿಯಾಗಿ ಚೆಲ್ಲಲ್ಲ. ಅದಕ್ಕಿಂತ ಬಂಪರಿಗೆ ಎರಡು ಪುಟ್ಟ ಎಲ್‌ಇಡಿ ಲೈಟು, ಒಂದೊಂದು 18 ವ್ಯಾಟಿಂದು, ಆ ಕಡೆ ಈ ಕಡೆ ಹಾಕ್ಸಿದ್ರೆ ವಾಸಿ. ದೂರಕ್ಕೆ ಹೊಡೆಯೋ ಬೆಳಕು ಬೇಡ, ಅಗಲಕ್ಕೆ ಹರಡೋದು ಬೇಕು, ವಸಿ ಕೆಳಕ್ಕೆ ಬಗ್ಗಿಸಿರ್ಬೇಕು. ನೀಲಿ ತಿರುಗಿದ ಬೆಳಕು ತಗೋಬೇಡಿ, ಧೂಳಿಗೆ, ಬ್ಯಾರನ್ ಹೊಗೆಗೆ ಅದು ಕಣ್ಣಿಗೇ ವಾಪಸ್ ಹೊಡೀತದೆ. ಡಬ್ಬಿ ಮೇಲೆ ಐಪಿ 67 ಅಂತ ಇದ್ರೆ ಧೂಳು ಒಳಕ್ಕೆ ಹೋಗಲ್ಲ, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ತಡೀತದೆ ಅಂತ ಅರ್ಥ.

ರಿಲೇ ಮತ್ತೆ ಫ್ಯೂಸ್ ಇಲ್ದೆ ಹಾಕ್ತೀನಿ ಅಂದೋರ ಹತ್ರ ಹಾಕಿಸ್ಬೇಡಿ. ಗೇರ್ ಬಾಕ್ಸಲ್ಲಿರೋ ರಿವರ್ಸ್ ಸ್ವಿಚ್ಚು ಸಣ್ಣ ಬಲ್ಬಿಗೆ ಮಾಡಿದ್ದು. ಹಳೇ 55 ವ್ಯಾಟಿನ ಲೈಟು ಎರಡನ್ನ ನೇರ ಅದಕ್ಕೇ ಸಿಕ್ಕಿಸಿದ್ರೆ ಒಂಬತ್ತು ಆಂಪಿಯರ್ ಮೇಲೆ ಎಳೀತದೆ, ಸ್ವಿಚ್ಚು ಸುಟ್ಟು ಇದ್ದ ಬೆಳಕೂ ಹೋಯ್ತದೆ. ರಿಲೇ ಇದ್ರೆ ಸ್ವಿಚ್ಚು ಬರೀ ಸನ್ನೆ ಕೊಡ್ತದೆ, ಕರೆಂಟು ಬ್ಯಾಟರಿಯಿಂದ ಬೇರೆ ವೈರಲ್ಲಿ ಹೋಗ್ತದೆ. ಫ್ಯೂಸು ಬ್ಯಾಟರಿ ಹತ್ರಾನೇ ಇರ್ಲಿ.

ಒಂದು ಮಾತ್ರ ನಿಯತ್ತಾಗಿ ನಡ್ಕಳ್ಳಿ. ಆ ಲೈಟು ರಿವರ್ಸ್ ಗೇರ್ ಹಾಕಿದಾಗ ಮಾತ್ರ ಉರೀಬೇಕು. ಬೇರೆ ಸ್ವಿಚ್ಚಿಟ್ಟು ರಸ್ತೇಲಿ ಉರಿಸ್ಕಂಡು ಹೋದ್ರೆ, ಹಿಂದೆ ಬೈಕಲ್ಲಿ ಬರೋನು ಬಿಳಿ ಬೆಳಕು ನೋಡಿ ಎದುರಿಂದ ಗಾಡಿ ಬತ್ತಾ ಇದೆ ಅಂದ್ಕತಾನೆ. ನಮ್ಮ ಐಕ್ಳ ಜೀವ ಉಳಿಸಕ್ಕೆ ಹೋಗಿ ಇನ್ನೊಬ್ರ ಮಗನ್ನ ಗುಂಡಿಗೆ ಕೆಡವೋದು ಬೇಡ.

ಲೈಟು ಬಂತು ಅಂತ ಕಣ್ಣು ಮುಚ್ಚಕ್ಕೂ ಆಗಲ್ಲ. ನಮ್ಮನೇಲಿ ಒಂದು ಕಟ್ಟುಪಾಡಿದೆ. ಕೀಲಿ ತಿರುಗಿಸೋ ಮುಂಚೆ ಒಂದ್ಸಲ ಗಾಡಿ ಸುತ್ತ ಬರ್ಬೇಕು, ಐಕ್ಳು ಯಾರ ಕೈಲವೆ ಅಂತ ಎಣಿಸ್ಬೇಕು. ಎಣಿಕೆ ಸರಿ ಆದ್ಮೇಲೇ ಗೇರು.

ಕೊನೇದಾಗಿ ಒಂದು ಕೇಳ್ತೀನಿ. ರಾತ್ರಿ ಗಾಡಿ ಹಿಂದಕ್ಕೆ ಬರುವಾಗ ಕೈಲಿ ಟಾರ್ಚ್ ಹಿಡ್ಕಂಡು "ಬರ್ಲಿ, ಬರ್ಲಿ, ನಿಲ್ಸಿ" ಅಂತ ಕೂಗೋರು ಯಾರು? ಅತ್ತಿಗೆನೋ, ಸೊಸೆನೋ, ನಾವೇ. ಗಾಡಿ ಮುಂದೆ ಕೂರೋರು ಮುಂದಿನ ಲೈಟಿಗೆ ದುಡ್ಡು ಕೇಳಿದ್ರೆ, ಹಿಂದೆ ನಿಲ್ಲೋರು ಹಿಂದಿನ ಲೈಟಿಗೆ ಕೇಳೋದು ತಪ್ಪಾ? ಸೊಪ್ಪು ಪೋಣಿಸಿದ್ದು, ಬ್ಯಾರನ್ ಬೆಂಕಿ ಕಾದಿದ್ದು ನಮ್ಮ ಕೈಗಳೂ ತಾನೇ. ಕೇಳಿ, ಕೊಡ್ತಾರೆ. ಕೊಡ್ದಿದ್ರೆ ಒಂದಿನ ರಾತ್ರಿ ಟಾರ್ಚ್ ಅವ್ರ ಕೈಗೆ ಕೊಟ್ಟು ಗಾಡಿ ಹಿಂದೆ ನಿಲ್ಸಿ.