ಕೆಡವಿದ ರಸ್ತೆಯ ಮೂರು ಕಂಬಗಳು

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದ ನಡುವೆ ಹರಿಯುವ ಚೊಂಗ್ಯೆಚೊನ್ ತೊರೆಯ ದಂಡೆ ಹಿಡಿದು ಪೂರ್ವಕ್ಕೆ ನಡೆದರೆ, ಬಿಉದಾಂಗ್ ಸೇತುವೆಯ ಸಮೀಪ ಮೂರು ಕಾಂಕ್ರೀಟ್ ಕಂಬಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ಅವು ಈಗ ಏನನ್ನೂ ಹೊತ್ತಿಲ್ಲ. ಬುಡದಲ್ಲಿ ನೀರು, ನೆತ್ತಿಯ ಮೇಲೆ ಬಯಲು. ಒಂದು ಕಾಲಕ್ಕೆ ದಿನಕ್ಕೆ ಲಕ್ಷಕ್ಕೂ ಹೆಚ್ಚು ವಾಹನಗಳು ಓಡಾಡುತ್ತಿದ್ದ ಎಲಿವೇಟೆಡ್ ಹೆದ್ದಾರಿಯ ಪಳೆಯುಳಿಕೆ ಇದು. 2003ರ ಜುಲೈನಲ್ಲಿ ಆ ರಸ್ತೆಯನ್ನು ಕೆಡವುವ ಕೆಲಸ ಶುರುವಾಯಿತು. 2005ರ ಅಕ್ಟೋಬರ್ 1ರಂದು, ಅದರ ಕೆಳಗೆ ದಶಕಗಳಿಂದ ಮುಚ್ಚಿಹೋಗಿದ್ದ ತೊರೆಯನ್ನು 5.8 ಕಿಲೋಮೀಟರ್ ಉದ್ದಕ್ಕೆ ಜನರಿಗೆ ತೆರೆದುಕೊಡಲಾಯಿತು. ಇಡೀ ರಸ್ತೆಯನ್ನು ಅಳಿಸಿಹಾಕಿದ ನಗರಾಡಳಿತ ಈ ಮೂರು ಕಂಬಗಳನ್ನು ಮಾತ್ರ ಬೇಕೆಂದೇ ಉಳಿಸಿತು. ಆ ಇಡೀ ಯೋಜನೆಯಲ್ಲಿ ತೀರಾ ಕಡಿಮೆ ಚರ್ಚೆಯಾದ ಈ ನಿರ್ಧಾರವೇ ನಗರಗಳಿಗೆ ದೊಡ್ಡ ಪಾಠ ಎಂಬುದು ನನ್ನ ವಾದ. ಕೆಡವಿದ ರಸ್ತೆಯ ಒಂದು ತುಂಡನ್ನು ಅದು ನಿಂತಿದ್ದಲ್ಲೇ ಉಳಿಸಿಕೊಳ್ಳುವುದು, ಬೇರೆಲ್ಲಿಂದಲೋ ತಂದು ನಿಲ್ಲಿಸುವ ಯಾವ ಶಿಲ್ಪಕ್ಕಿಂತಲೂ ಸತ್ಯವಾದ ಸಾರ್ವಜನಿಕ ಕಲೆ.

ಈ ಕಂಬಗಳ ಬೆಲೆ ತಿಳಿಯಬೇಕಾದರೆ ಅವು ಎದ್ದ ಕಾಲವನ್ನು ನೋಡಬೇಕು. ಕೊರಿಯಾ ಯುದ್ಧದ ನಂತರ ನೆಲೆ ಕಳೆದುಕೊಂಡ ಜನ ತೊರೆಯ ದಂಡೆಯಲ್ಲಿ ಹಲಗೆಯ ಗುಡಿಸಲು ಕಟ್ಟಿಕೊಂಡರು, ನೀರು ಚರಂಡಿಯಾಯಿತು. 1958ರಿಂದ ಹಂತಹಂತವಾಗಿ ತೊರೆಯ ಮೇಲೆ ಕಾಂಕ್ರೀಟ್ ಹೊದಿಸಲಾಯಿತು. ಅದರ ಮೇಲೆ ಎದ್ದ ಎತ್ತರದ ಹೆದ್ದಾರಿ 1971ರಲ್ಲಿ ಪೂರ್ಣಗೊಂಡಾಗ, ಬಡತನದಿಂದ ಮೇಲೇಳುತ್ತಿದ್ದ ದೇಶಕ್ಕೆ ಅದೊಂದು ಹೆಮ್ಮೆಯ ಗುರುತಾಗಿತ್ತು. ಮೂರು ದಶಕ ಕಳೆಯುವುದರೊಳಗೆ ಅದೇ ರಸ್ತೆಯ ಕಬ್ಬಿಣ ತುಕ್ಕು ಹಿಡಿದು, ಭಾರಿ ವಾಹನಗಳನ್ನು ನಿಷೇಧಿಸಬೇಕಾಯಿತು. ಕೋಟಿಗಟ್ಟಲೆ ಸುರಿದು ದುರಸ್ತಿ ಮಾಡುವುದೋ, ಕೆಡವುವುದೋ ಎಂಬ ಪ್ರಶ್ನೆ 2002ರ ಮೇಯರ್ ಚುನಾವಣೆಯ ವಿಷಯವಾಯಿತು. ಕೆಡವುತ್ತೇನೆ ಎಂದ ಲೀ ಮ್ಯುಂಗ್ ಬಾಕ್ ಗೆದ್ದರು, ನುಡಿದಂತೆ ಕೆಡವಿದರು. ಗುಡಿಸಲಿನ ಬಡತನ, ಮುಚ್ಚಿದ ನೀರು, ಕಾರಿನ ಮೇಲಿನ ಭರವಸೆ, ಆ ಭರವಸೆಯ ಕುಸಿತ ಎಲ್ಲವೂ ಆ ಒಂದೇ ಜಾಗದಲ್ಲಿ ಪದರಪದರವಾಗಿ ಕೂತಿವೆ. ತೊರೆಯನ್ನು ಮಾತ್ರ ಉಳಿಸಿ ಉಳಿದದ್ದನ್ನೆಲ್ಲ ಒರೆಸಿಬಿಟ್ಟಿದ್ದರೆ, ಇಂದು ಅಲ್ಲಿ ಕಾಲು ಇಳಿಬಿಟ್ಟು ಕೂರುವ ಮಗು ಈ ನೀರು ಮೊದಲಿನಿಂದಲೂ ಹೀಗೇ ಹರಿಯುತ್ತಿತ್ತು ಎಂದುಕೊಳ್ಳುತ್ತಿತ್ತು. ಹಾಗಲ್ಲ ಎನ್ನುವುದಕ್ಕೆ ಕಂಬಗಳು ಸಾಕ್ಷಿ.

ಇದೇ ತೊರೆಯ ಇನ್ನೊಂದು ತುದಿಯಲ್ಲಿ ಹೋಲಿಕೆಗೆ ಒದಗುವ ಮತ್ತೊಂದು ವಸ್ತುವಿದೆ. ನೀರು ಹೊರಬೀಳುವ ಚೌಕದಲ್ಲಿ 2006ರಲ್ಲಿ ಕ್ಲೇಸ್ ಓಲ್ಡನ್‌ಬರ್ಗ್ ಮತ್ತು ಕೂಶ್ಯಾ ವಾನ್ ಬ್ರುಗೆನ್ ರೂಪಿಸಿದ ‘ಸ್ಪ್ರಿಂಗ್’ ಎಂಬ ಶಿಲ್ಪವನ್ನು ನಿಲ್ಲಿಸಲಾಯಿತು. ಕೆಂಪು, ನೀಲಿ ಬಣ್ಣದ, ಸುರುಳಿ ಸುತ್ತಿದ ಚಿಪ್ಪಿನ ಆಕಾರದ, ಸುಮಾರು 20 ಮೀಟರ್ ಎತ್ತರದ ಕೃತಿ. ಇಬ್ಬರೂ ಜಗತ್ತು ಬಲ್ಲ ಕಲಾವಿದರು. ಅವರ ಕೈಚಳಕದ ಬಗ್ಗೆ ತಕರಾರಿಲ್ಲ. ಆದರೆ ಈ ಚಿಪ್ಪಿಗೂ ಈ ತೊರೆಗೂ ಏನು ಸಂಬಂಧ ಎಂದು ಸೋಲ್‌ನ ಕಲಾವಲಯವೇ ಕೇಳಿತು. ಆ ಪ್ರಶ್ನೆಯಲ್ಲಿ ಹುರುಳಿದೆ. ಆ ಚಿಪ್ಪನ್ನು ಬೇರೆ ಯಾವ ನಗರದ ಚೌಕಕ್ಕೆ ಸಾಗಿಸಿದರೂ ಅದು ಹಾಗೆಯೇ ಹೊಳೆಯುತ್ತದೆ. ಮೂರು ಕಂಬಗಳನ್ನು ಅವು ನಿಂತ ಜಾಗದಿಂದ ನೂರು ಮಾರು ಆಚೆ ಸರಿಸಿದರೂ ಅವು ಬರಿಯ ಕಾಂಕ್ರೀಟ್. ನಮ್ಮ ಊರುಗಳ ವೀರಗಲ್ಲುಗಳ ವಿಷಯವೂ ಇದೇ ಅಲ್ಲವೇ? ಮ್ಯೂಸಿಯಂ ಸೇರಿದ ವೀರಗಲ್ಲು ಚೆಂದದ ಕೆತ್ತನೆಯಾಗಿ ಉಳಿಯುತ್ತದೆ. ಕಾದು ಬಿದ್ದವನ ಊರಿನಲ್ಲೇ ನಿಂತ ಕಲ್ಲು ಆ ಊರಿನ ಮಾತಾಗುತ್ತದೆ.

ಕೆಡವಿದ್ದರ ತುಂಡನ್ನು ಹೊಸ ಕಟ್ಟಡದಲ್ಲಿ ಮಾತಾಡಿಸುವುದು ಸೋಲ್‌ಗೆ ಹೊಸತೂ ಅಲ್ಲ. ಇದೇ ತೊರೆಯ ಮೇಲಿನ ಗ್ವಾಂಗ್‌ತೊಂಗ್ ಸೇತುವೆಯನ್ನು 1410ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದವನು ಜೊಸನ್ ವಂಶದ ದೊರೆ ಥೇಜೊಂಗ್. ಕಲ್ಲು ತಂದದ್ದು ತನ್ನ ಮಲತಾಯಿ, ರಾಣಿ ಸಿಂದೊಕ್‌ಳ ಸಮಾಧಿಯಿಂದ. ಪಟ್ಟಕ್ಕಾಗಿ ನಡೆದ ಕಾದಾಟದಲ್ಲಿ ಅವಳ ಮಗನನ್ನು ಕೊಲ್ಲಿಸಿದ್ದ ಈ ದೊರೆ, ಅವಳ ಸಮಾಧಿಯ ಕಲ್ಲುಗಳನ್ನು ಜನ ತುಳಿದು ಓಡಾಡುವ ಸೇತುವೆಗೆ ಹಾಕಿಸಿದ. ಇಂದಿಗೂ ಸೇತುವೆಯ ಕೆಳಗೆ ನಿಂತು ಪಕ್ಕದ ಗೋಡೆ ನೋಡಿದರೆ, ಮೋಡದ ಸುರುಳಿಗಳ ನಡುವೆ ಕೈಮುಗಿದ ದೇವತೆಗಳನ್ನು ಕೆತ್ತಿದ ನಯವಾದ ಚಪ್ಪಡಿಗಳು ಕಾಣುತ್ತವೆ. ಅವುಗಳಲ್ಲಿ ಕೆಲವನ್ನು ತಲೆಕೆಳಗಾಗಿ ಕೂರಿಸಲಾಗಿದೆ. ಆರು ಶತಮಾನ ಕಳೆದ ಮೇಲೂ ಒಬ್ಬ ದೊರೆಯ ಹಗೆತನವನ್ನು ಆ ತಲೆಕೆಳಗಾದ ದೇವತೆಯಷ್ಟು ನಿಖರವಾಗಿ ಯಾವ ಶಾಸನವೂ ಹೇಳಲಾರದು. ತೊರೆಯನ್ನು ಮುಚ್ಚಿದಾಗ ಹೂತುಹೋಗಿದ್ದ ಈ ಸೇತುವೆಯನ್ನು 2005ರಲ್ಲಿ ಮೇಲೆತ್ತಿದಾಗ ಆ ಕಲ್ಲುಗಳನ್ನು ಯಾರೂ ನೆಟ್ಟಗೆ ತಿರುಗಿಸಲಿಲ್ಲ. ಅದು ಸರಿಯಾದ ತೀರ್ಮಾನ. ಇತಿಹಾಸದ ಕಲ್ಲನ್ನು ನಮ್ಮ ಸಮಾಧಾನಕ್ಕೆ ತಿರುಗಿಸಿ ಕೂರಿಸಬಾರದು.

ಇದಕ್ಕೆ ಬರುವ ಮೊದಲ ಆಕ್ಷೇಪ, ಒಡೆದ ಕಾಂಕ್ರೀಟ್ ಕುರೂಪ, ಅದು ಕಲೆ ಹೇಗಾದೀತು ಎಂಬುದು. ಇಲ್ಲಿ ಕಲೆ ಇರುವುದು ಕಾಂಕ್ರೀಟಿನಲ್ಲಲ್ಲ, ಆಯ್ಕೆಯಲ್ಲಿ. ಒಂದೇ ಕಂಬ ಉಳಿಸಿದ್ದರೆ ಗುತ್ತಿಗೆದಾರ ಮರೆತುಹೋದದ್ದು ಎನಿಸುತ್ತಿತ್ತು. ಮೂವತ್ತು ಉಳಿಸಿದ್ದರೆ ಕೆಡವುವುದೇ ಮುಗಿದಿಲ್ಲ ಎನಿಸುತ್ತಿತ್ತು. ಒಂದರ ಹಿಂದೆ ಒಂದರಂತೆ ಮೂರು ಕಂಬ ಇದ್ದಾಗ ಕಣ್ಣು ತಾನಾಗಿ ಅವುಗಳ ನೆತ್ತಿಗಳನ್ನು ಕೂಡಿಸಿ, ಇಲ್ಲದ ರಸ್ತೆಯನ್ನು ಗಾಳಿಯಲ್ಲಿ ಎಳೆಯುತ್ತದೆ. ನೋಡುವವನ ಮನಸ್ಸಿಗೆ ಇಷ್ಟು ಕೆಲಸ ಕೊಡುವುದನ್ನು ಕಲೆ ಎನ್ನದೆ ಏನೆನ್ನಬೇಕು? ಏನನ್ನೂ ಉಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಯಾನ್‌ಫ್ರಾನ್ಸಿಸ್ಕೊ ಉದಾಹರಣೆ. ಅಲ್ಲಿ ಎಂಬಾರ್ಕಡೆರೊ ಎಂಬ ಎರಡಂತಸ್ತಿನ ಹೆದ್ದಾರಿಯ ಪಕ್ಕದಲ್ಲೇ 1971ರಲ್ಲಿ ಅರ್ಮಾಂಡ್ ವಾಯಾಂಕೂರ್ ಎಂಬ ಶಿಲ್ಪಿ, ಮುರಿದು ಬಿದ್ದಂತೆ ಕಾಣುವ ಕಾಂಕ್ರೀಟ್ ಕೊಳವೆಗಳ ದೊಡ್ಡ ಕಾರಂಜಿ ಕಟ್ಟಿದರು. 1989ರ ಭೂಕಂಪದಲ್ಲಿ ಹೆದ್ದಾರಿ ಹಾಳಾಯಿತು, 1991ರಲ್ಲಿ ಅದನ್ನು ಕೆಡವಿದರು. ನಗರಕ್ಕೆ ಕಡಲದಂಡೆ ಮರಳಿ ಸಿಕ್ಕಿತು. ಆದರೆ ಕಾರಂಜಿಯ ಆ ಒರಟುತನ ಎದುರು ನಿಂತಿದ್ದ ರಸ್ತೆ ಕಣ್ಮರೆಯಾದ ಮೇಲೆ, ಅದೇಕೆ ಅಷ್ಟು ಒರಟಾಗಿದೆ ಎಂಬುದೇ ಹೊಸ ತಲೆಮಾರಿಗೆ ತಿಳಿಯದಾಯಿತು. ತೆಗೆದುಹಾಕಿ ಎಂಬ ಕೂಗು ಮತ್ತೆ ಮತ್ತೆ ಎದ್ದಿತು. ಹೆದ್ದಾರಿಯ ಒಂದು ತುಣುಕು ಎದುರಿಗಿದ್ದಿದ್ದರೆ ಆ ಕಾರಂಜಿಗೆ ಅರ್ಥ ಉಳಿಯುತ್ತಿತ್ತು.

ಎರಡನೆಯ ಆಕ್ಷೇಪ ಎಂಜಿನಿಯರುಗಳದು: ಹಳೆಯ ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿಯುತ್ತದೆ, ಚಕ್ಕೆ ಉದುರುತ್ತದೆ, ನೋಡಿಕೊಳ್ಳುವ ಖರ್ಚು ಯಾರದು? ಮಾತು ನಿಜ. ರಸ್ತೆ ಕೆಡವಲು ಕಾರಣವಾದ ರೋಗ ಕಂಬಕ್ಕೂ ಇರುತ್ತದೆ. ಆದರೆ ಸಾವಿರಾರು ವಾಹನಗಳ ಭಾರ ಮತ್ತು ಅದುರಾಟ ಹೊರುವ ಕಂಬಕ್ಕೂ, ತನ್ನ ಭಾರ ಮಾತ್ರ ಹೊರುವ ಕಂಬಕ್ಕೂ ಬೇಕಾದ ಬಲ ಒಂದೇ ಅಲ್ಲ. ಹೊಸ ಶಿಲ್ಪಕ್ಕೂ ಬಣ್ಣ, ತೊಳೆತ, ಕಾವಲು ಬೇಕೇ ಬೇಕು. ಸೋಲ್ ಈ ಯೋಜನೆಗೆ ಸುರಿದದ್ದು 38 ಸಾವಿರ ಕೋಟಿ ವೋನ್‌ಗೂ ಮಿಗಿಲು. ಆ ಲೆಕ್ಕದಲ್ಲಿ ಮೂರು ಕಂಬಗಳ ಉಸ್ತುವಾರಿ ಕಣಕ್ಕೂ ಸಮವಲ್ಲ. ಉಳಿದ ಅವಶೇಷವೆಲ್ಲ ಜಲ್ಲಿಯಾಗಿ, ಗುಜರಿಯಾಗಿ ಮರುಬಳಕೆಯಾಗಲಿ, ಆಗಲೇಬೇಕು. ನಾನು ಕೇಳುತ್ತಿರುವುದು ನೆನಪಿಗೆ ಸಾಲುವಷ್ಟು ಪಾಲನ್ನು ಮಾತ್ರ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. ಇಂಥ ಕಂಬಗಳು ಕೆಡವಿದವರ ವಿಜಯಸ್ತಂಭವಾಗಿಬಿಡುತ್ತವೆ, ಆ ಸಡಗರದಲ್ಲಿ ಕಳೆದುಕೊಂಡವರ ಕತೆ ಮುಚ್ಚಿಹೋಗುತ್ತದೆ ಎಂಬುದು. ಚೊಂಗ್ಯೆಚೊನ್‌ನಲ್ಲಿ ಈ ಅಪಾಯ ನಿಜಕ್ಕೂ ಇತ್ತು. ರಸ್ತೆಯ ನೆರಳಿನಲ್ಲಿ ಹಳೆಯ ಸಾಮಾನು ಮಾರುತ್ತಿದ್ದ ನೂರಾರು ಬೀದಿ ವ್ಯಾಪಾರಿಗಳನ್ನು ದೊಂಗ್‌ದೆಮುನ್ ಕ್ರೀಡಾಂಗಣಕ್ಕೆ ಸಾಗಿಸಿದರು. ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಕೆಡವಿದಾಗ ಅವರು ಮತ್ತೆ ಎತ್ತಂಗಡಿಯಾದರು. ತೊರೆಯ ನೀರೂ ಸಹಜವಾಗಿ ಹರಿದು ಬರುವುದಲ್ಲ. ದಿನಕ್ಕೆ ಸುಮಾರು 1.2 ಲಕ್ಷ ಟನ್ ನೀರನ್ನು, ಬಹುಪಾಲು ಹಾನ್ ನದಿಯಿಂದ, ಪಂಪ್ ಮಾಡಿ ಬಿಡಲಾಗುತ್ತದೆ. ಈ ಸಂಗತಿಗಳನ್ನು ಮರೆಸುವ ಸ್ಮಾರಕ ಸುಳ್ಳು ಹೇಳುತ್ತದೆ. ಆದರೆ ಅದಕ್ಕೆ ಮದ್ದು ಕಂಬವನ್ನು ಉರುಳಿಸುವುದಲ್ಲ, ಅದರ ಪಕ್ಕದಲ್ಲಿ ಇಡೀ ಕತೆ ಹೇಳುವುದು. ಅದಕ್ಕೂ ಅದೇ ತೊರೆಯ ಮೇಲೆ ಮಾದರಿಯಿದೆ. 1970ರ ನವೆಂಬರ್ 13ರಂದು ಪ್ಯೊಂಗ್ವಾ ಮಾರುಕಟ್ಟೆಯ ಬಳಿ, ಬಟ್ಟೆ ಹೊಲಿಯುವ ಕಾರ್ಮಿಕರ ಪಾಡನ್ನು ಕೇಳುವವರಿಲ್ಲವೆಂದು 22 ವರ್ಷದ ಚನ್ ಥೆಇಲ್ ತನಗೆ ತಾನೇ ಬೆಂಕಿ ಹಚ್ಚಿಕೊಂಡ. ಮೇಲಿನ ರಸ್ತೆ ದೇಶದ ಏಳಿಗೆಯನ್ನು ಸಾರುತ್ತಿದ್ದ ಕಾಲದಲ್ಲೇ ಪಕ್ಕದ ಕಟ್ಟಡದಲ್ಲಿ ಆ ಏಳಿಗೆಯ ಬೆಲೆ ತೆರುತ್ತಿದ್ದವರಿದ್ದರು. 2005ರಲ್ಲಿ ಅಲ್ಲಿನ ಸೇತುವೆಯ ಮೇಲೆ ಅವನ ಪ್ರತಿಮೆ ನಿಂತಿತು. ಎತ್ತರದ ಪೀಠದ ಮೇಲಲ್ಲ, ಸೊಂಟದಿಂದ ಮೇಲಕ್ಕೆ ಸೇತುವೆಯ ನೆಲದಿಂದಲೇ ಎದ್ದುಬಂದಂತೆ, ಹಾದುಹೋಗುವವರ ನಡುವೆಯೇ. ಕಂಬಗಳನ್ನೂ ಈ ಪ್ರತಿಮೆಯನ್ನೂ ಒಟ್ಟಿಗೆ ಓದಿದಾಗ ಮಾತ್ರ ಆ ರಸ್ತೆಯ ಕತೆ ಪೂರ್ತಿಯಾಗುತ್ತದೆ.

ಇದು ದೂರದ ಊರಿನ ಮಾತು ಎಂದು ಪಕ್ಕಕ್ಕಿಡುವಂತಿಲ್ಲ. ಕೋರಮಂಗಲ ಕಣಿವೆಯ ರಾಜಕಾಲುವೆಯನ್ನು ಸುಧಾರಿಸಲು ಹೊರಟಾಗ ಬೆಂಗಳೂರು ಕಣ್ಣೆದುರು ಇಟ್ಟುಕೊಂಡದ್ದು ಇದೇ ಚೊಂಗ್ಯೆಚೊನ್ ಅನ್ನು. ಎರಡು ದಶಕವೂ ಬಾಳದ ಜಯದೇವ ಮೇಲ್ಸೇತುವೆಯನ್ನು 2020ರಲ್ಲಿ ಮೆಟ್ರೊಗಾಗಿ ಕೆಡವಿದ್ದನ್ನೂ ನಾವು ಕಂಡಿದ್ದೇವೆ. ಮುಂದೆಯೂ ನಮ್ಮ ನಗರಗಳಲ್ಲಿ ರಸ್ತೆಗಳು ಏಳುತ್ತವೆ, ಬೀಳುತ್ತವೆ. ಪ್ರತಿ ಸಲ ಕೆಡವುವ ಟೆಂಡರ್ ಬರೆಯುವಾಗಲೇ, ಯಾವ ತುಂಡು ಉಳಿಯಬೇಕು, ಅದರ ಪಕ್ಕದ ಫಲಕದಲ್ಲಿ ಕನ್ನಡದಲ್ಲಿ ಏನು ಬರೆಯಬೇಕು ಎಂಬುದನ್ನು ಎಂಜಿನಿಯರುಗಳು, ಕಲಾವಿದರು ಮತ್ತು ಆ ರಸ್ತೆಯ ಅಕ್ಕಪಕ್ಕ ಬದುಕಿದವರು ಕೂತು ತೀರ್ಮಾನಿಸಲಿ. ಯಾವಾಗ ಕಟ್ಟಿದೆವು, ಎಷ್ಟು ಖರ್ಚಾಯಿತು, ಯಾರನ್ನು ಎಬ್ಬಿಸಿದೆವು, ಏಕೆ ಕೆಡವಿದೆವು ಎಂಬ ನಾಲ್ಕು ಸಾಲು ಅಲ್ಲಿರಲಿ. ತಾನು ತಪ್ಪಿದ್ದನ್ನು ಬಯಲಲ್ಲಿ ನಿಲ್ಲಿಸಿಕೊಂಡ ನಗರ ಮುಂದಿನ ರಸ್ತೆಗೆ ಸಹಿ ಹಾಕುವ ಮೊದಲು ಒಂದು ಕ್ಷಣವಾದರೂ ಯೋಚಿಸುತ್ತದೆ.