ಪಿಯಾನೋದೊಳಗೆ ವೀಣೆ

ಚಳ್ಳಕೆರೆಯ ಗೃಹಸ್ಥರೊಬ್ಬರು ಮಗಳಿಗೆಂದು ಡಿಜಿಟಲ್ ಪಿಯಾನೋ ತಂದಿದ್ದಾರೆ. ಅದರಲ್ಲಿ ವೀಣೆಯ ನಾದವಿಲ್ಲ. ಮೊಳಕಾಲ್ಮುರಿನ ನಂಟರು ಕೊಳ್ಳಲು ಸಿದ್ಧರಿರುವರು, ಮಾರಿಬಿಡಲೇ ಎಂದು ಕೇಳಿದ್ದಾರೆ.

ಬೇಡಿ ಸ್ವಾಮಿ! 1983ರಲ್ಲಿ ಬಂದ ‘ಮಿಡಿ’ ಎಂಬ ಏರ್ಪಾಡು ತಮ್ಮ ವಾದ್ಯದಲ್ಲಿಯೂ ಇದ್ದೀತು. ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿರಿ. ತಂತಿಯಲ್ಲಿ ಹರಿಯುವುದು ನಾದವಲ್ಲ. ಯಾವ ಮನೆಯನ್ನು ಎಷ್ಟು ಬಿರುಸಾಗಿ ಒತ್ತಿದಿರೆಂಬ ವರದಿ ಮಾತ್ರ. ಅದನ್ನು ವೀಣೆಯಾಗಿ ನುಡಿಸುವುದು ಕಂಪ್ಯೂಟರಿನ ತಂತ್ರಾಂಶ. ನಾದ ತಡವಾಗಿ ಹೊರಟರೆ ‘ಬಫರ್’ ಅಳತೆಯನ್ನು ತಗ್ಗಿಸಿರಿ.

ಆದರೆ ಗಮಕ? ಮನೆಯಿಂದ ಮನೆಗೆ ನೆಗೆಯುವ ವಾದ್ಯಕ್ಕೆ ಜಾರಲು ತಿಳಿಯದು. ಇಂಥ ಕೊರತೆಯನ್ನು ಎತ್ತಿಯೇ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮನ್ನು ಹೊರಗಿಟ್ಟಿತ್ತು. ‘ಪಿಚ್ ಬೆಂಡ್’ ಚಕ್ರವುಳ್ಳ ಪುಟ್ಟ ಕೀಲಿಮಣೆ ಜೊತೆಗಿದ್ದರೆ ಕೊಂಚ ಸಾಧ್ಯ. ಮಗುವಿಗೆ ತೋಡಿಯ ಗಾಂಧಾರವೇ ಬೇಕೆಂದಾದರೆ, ಪಿಯಾನೋ ಮನೆಯಲ್ಲಿಯೇ ಇರಲಿ, ವೀಣೆಯ ಗುರುಗಳನ್ನು ಹುಡುಕಿರಿ.